ಹೊಳೆ ದಾಟಿ ಬಂದವನು

ಐಗಳಿಯ ಅಜ್ಜನ ಮನೆಯಲ್ಲಿ ನಾಲ್ಕು ಜನ ದೊಡ್ಡವರಿದ್ದರು, ಮಗು ಅಂತ ಇದ್ದವಳು ನಾನೊಬ್ಬಳೇ. ಅಜ್ಜ ನನ್ನ ತಾಯಿಯ ತಂದೆ. ಅಜ್ಜಿಯನ್ನು ನಮ್ಮ ಕಡೆ ಆಯಿ ಅನ್ನುತ್ತೇವೆ. ಅವರ ಮಗ, ನನ್ನ ಸೋದರಮಾವ, ಅವನನ್ನು ಮಾಮಾ ಅಂತ ಕರೆಯುತ್ತಿದ್ದೆ. ಅವನ ಹೆಂಡತಿ ಅತ್ತಿ. ಅವರಿಗೆ ಆಗ ಇನ್ನೂ ಮಕ್ಕಳಾಗಿರಲಿಲ್ಲ. ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಬಾಗಿಲು ದಾಟಿದರೆ ಮೊದಲು ದನಗಳು, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ದೇವರ ಕೋಣೆ. ದನಗಳ ಬದಿಗೆ ಹೊಟ್ಟು ತುಂಬಿಡುವ ಒಂದು ಕತ್ತಲ ಕೋಣೆ. ಕಿಟಕಿ ಅನ್ನುವುದೇ ಆ ಮನೆಗೆ ಇರಲಿಲ್ಲ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಒಂದು ತಟ್ಟೆಯಷ್ಟು ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಮುಂಜಾನೆ ಅದು ಕಂಬದ ಬುಡದಲ್ಲಿರುತ್ತಿತ್ತು, ಮಧ್ಯಾಹ್ನ ಬೀಸುಕಲ್ಲಿನ ಹತ್ತಿರ ಬರುತ್ತಿತ್ತು, ಸಂಜೆಗೆ ಗೋಡೆ ಹತ್ತಿ ಮಾಯವಾಗುತ್ತಿತ್ತು. ಸಾಲೆ ಇಲ್ಲದ ದಿನ ನಾನು ಆ ಬಿಸಿಲಿನ ಜೊತೆ ಕೂತು, ಅದು ಸರಿದಂತೆ ಸರಿಯುತ್ತಿದ್ದೆ. ಹಾಗೆ ಮಾಡಬೇಡ ಅಂತ ಯಾರೂ ಹೇಳಲಿಲ್ಲ. ಏನು ಮಾಡುತ್ತಿದ್ದೀ ಅಂತಲೂ ಯಾರೂ ಕೇಳಲಿಲ್ಲ.

ಅವರು ಕೆಟ್ಟವರಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಪುಂಡಿಪಲ್ಯ, ಬಟ್ಟಲ ತುಂಬ ಮಜ್ಜಿಗೆ ನನ್ನ ಮುಂದೆ ಬರುತ್ತಿತ್ತು. ಅಜ್ಜ ಮೊದಲು ಒಬ್ಬನೇ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದ. ಅವನು ಕೈ ತೊಳೆದ ಮೇಲೆ ಮಾಮಾ. ಆಮೇಲೆ ಅಡುಗೆಮನೆಯಲ್ಲಿ ಆಯಿ, ಅತ್ತಿ, ನಾನು. ಉಣ್ಣುವಾಗ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಉಣ್ಣದಾಗಲೂ ಅಷ್ಟೇನಿರಲಿಲ್ಲ. ಜಗಳ ಕೂಡ ಇರಲಿಲ್ಲ. ಪಕ್ಕದ ಮನೆಯಲ್ಲಿ ಅತ್ತೆ ಸೊಸೆ ಕೂಗಾಡಿದರೆ ನಾನು ಗೋಡೆಗೆ ಕಿವಿ ಹಚ್ಚಿ ಕೇಳುತ್ತಿದ್ದೆ, ಯಾರೋ ನನಗಾಗಿ ಹಾಡು ಹೇಳುತ್ತಿದ್ದಾರೆ ಅನ್ನುವ ಹಾಗೆ.

ಅಜ್ಜ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ವಿಷಯ ಒಂದೇ, ಮನೆತನ. ಮಹಾನವಮಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತಿದ್ದರು. ಹೋಳಿಗೆ, ಕಟ್ಟಿನ ಸಾರು, ಕುಂಬಳಕಾಯಿ ಪಲ್ಯ. ದೇವರ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಅಜ್ಜ ಒಂದೊಂದು ಎಲೆಗೆ ಒಂದೊಂದು ಹೆಸರು ಹಿಡಿದು ನೀರು ಬಿಡುತ್ತಿದ್ದ. ಎಲ್ಲಕ್ಕಿಂತ ಮೇಲಿನ ಎಲೆ ಸಿದ್ದನಾಯಕನದು. ಅವನು ಈ ಊರಿಗೆ ಬಂದ ನಮ್ಮ ಮೊದಲ ಮನುಷ್ಯ. ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯದೆ 'ಹೊಳಿ ದಾಟಿ ಬಂದಾವ' ಅನ್ನುತ್ತಿದ್ದರು. ಕೃಷ್ಣೆಯ ಆಚೆ ಯಾವನೋ ದೊರೆಯ ದಂಡಿನಲ್ಲಿ ಇದ್ದನಂತೆ. ದೊರೆಯ ಜೊತೆ ಮಾತು ಬಿಟ್ಟು, ಕುದುರೆ ಸಮೇತ ಹೊಳೆ ಈಸಿ ಬಂದನಂತೆ. ಸಂಜೆ ಕಟ್ಟೆಯ ಮೇಲೆ ಕೂತಾಗ ಅಜ್ಜ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಕೇಳುವವರು ಯಾರೂ ಇಲ್ಲದ ದಿನ ನನಗೆ ಹೇಳುತ್ತಿದ್ದ.

"ಒಬ್ಬನ ಬಂದಾ ನೋಡು. ಈ ಊರಾಗ ಅವಂಗ ಗುರುತಿನಾವ ಅಂತ ಒಬ್ಬನೂ ಇದ್ದಿಲ್ಲ."

ಕುದುರೆ, ಕತ್ತಿ, ದೊರೆ ಇದಾವುದೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಆ ಕೊನೆಯ ಮಾತು ನಿಂತಿತು. ಅವನೂ ನನ್ನ ಹಾಗೆ ಬಂದಿದ್ದ. ಬಿಸಿಲಿನ ತಟ್ಟೆಯ ಒಂದು ಬದಿಗೆ ಅವನನ್ನು ಕೂರಿಸಿಕೊಂಡು ಮಾತಾಡುತ್ತಿದ್ದೆ. ನೀನು ಬಂದ ದಿನ ಯಾರ ಮನೆಯಲ್ಲಿ ಉಂಡೆ, ಎಲ್ಲಿ ಮಲಗಿದೆ, ನಿನಗೆ ಅಳು ಬಂತಾ ಅಂತೆಲ್ಲ ಕೇಳುತ್ತಿದ್ದೆ. ಅಷ್ಟು ದೊಡ್ಡ ಮೀಸೆಯ ಗಂಡಸು ಅತ್ತಿರಲಿಕ್ಕಿಲ್ಲ ಅಂತ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ.

ನಾನು ಆ ಮನೆಗೆ ಬಂದದ್ದು ಆರು ವರ್ಷದವಳಿದ್ದಾಗ. ಅಪ್ಪ ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ಒಂದು ವಖಾರಿಯಲ್ಲಿ ಕೆಲಸಕ್ಕಿದ್ದ. ವಖಾರಿಯ ಹಿಂದಿನ ಓಣಿಯಲ್ಲಿ ಒಂದೇ ಖೋಲಿಯ ಬಾಡಿಗೆ ಮನೆ. ಅವ್ವ ಅಲ್ಲಿಯೇ ಜ್ವರ ಬಂದು ಎಂಟು ದಿನದಲ್ಲಿ ತೀರಿಕೊಂಡಳು. ಅವಳ ದಿನಕರ್ಮ ಮುಗಿದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಐಗಳಿಗೆ ಬಂದ. ಅವನ ಅಂಗಿಯ ತಂಬಾಕಿನ ವಾಸನೆ ಮೂಗಿಗೆ ಹತ್ತುವ ಹಾಗೆ ದಾರಿಯುದ್ದಕ್ಕೂ ನಾನು ಅವನ ಹೆಗಲಿಗೆ ಒರಗಿ ಕೂತಿದ್ದೆ. ಅವನು ಪಡಸಾಲೆಗೂ ಏರಲಿಲ್ಲ. ದನಗಳ ಹತ್ತಿರವೇ ನಿಂತು ಅಜ್ಜನ ಜೊತೆ ಎರಡು ಮಾತಾಡಿದ. ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಸಾಲಿ ಸುರು ಆಗೂದ್ರಾಗ ಬಂದು ಕರಕೊಂಡು ಹೋಗ್ತೀನಿ."

ಸಾಲೆ ಶುರುವಾಯಿತು. ಮಾಮಾ ನನ್ನ ಕೈ ಹಿಡಿದು ಐಗಳಿಯ ಸಾಲೆಗೇ ಹೆಸರು ಹಚ್ಚಿಸಿ ಬಂದ. ನನ್ನ ಅಪ್ಪ ನನ್ನನ್ನು ಬಿಟ್ಟುಹೋದ, ಹೊಳ್ಳಿ ಬರಲಿಲ್ಲ. ಇದನ್ನು ನಾನು ಸಾಲೆಯ ಗೆಳತಿಯರಿಗೆ ಹೇಳಿದೆ. ಮುಂದೆ ಗಂಡನಿಗೆ ಹೇಳಿದೆ, ಮಗಳಿಗೆ ಹೇಳಿದೆ. ಹೇಳಿದ ಮೇಲೆ ಎಲ್ಲರೂ ನನ್ನ ಜೊತೆ ಸ್ವಲ್ಪ ಮೆತ್ತಗೆ ನಡೆದುಕೊಳ್ಳುತ್ತಿದ್ದರು. ಅದು ನನಗೆ ಹಿಡಿಸುತ್ತಿತ್ತು.

ನನಗೆ ಒಂಬತ್ತು ತುಂಬಿದ ವರ್ಷ, ಜೋಳದ ರಾಶಿ ಮುಗಿದ ಮೇಲೆ, ಹೆಳವ ಬಂದ. ಹೆಳವರೆಂದರೆ ಒಂದೊಂದು ಮನೆತನದ ವಂಶಾವಳಿಯನ್ನು ತಲೆತಲಾಂತರದಿಂದ ಕಾದಿಟ್ಟುಕೊಂಡು ಬಂದವರು. ಕೆಲವು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಆ ಮನೆಯವರ ಹಿರಿಯರ ಹೆಸರುಗಳನ್ನೆಲ್ಲ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಕಡಿ ತೆಗೆದುಕೊಂಡು ಹೋಗುತ್ತಾರೆ. ಅಂದು ಮುಂಜಾನೆ ಅಜ್ಜ ರುಮಾಲು ಸುತ್ತಿಕೊಂಡು ಪಡಸಾಲೆಯಲ್ಲಿ ಕೂತ. ಓಣಿಯ ನಾಲ್ಕಾರು ಹಿರಿಯರನ್ನೂ ಕರೆಸಿದ್ದ. ಹೆಳವ ಮುದುಕ. ಸಣ್ಣ ಧ್ವನಿ, ಆದರೆ ಎಲ್ಲೂ ತಡವರಿಸದ ಧ್ವನಿ. ವಂಶಾವಳಿಯ ಪುಸ್ತಕ ಮುಂದಿಟ್ಟುಕೊಂಡು ಅಜ್ಜನಿಂದ ಹಿಡಿದು ಹಿಂದಕ್ಕೆ ಹೊರಟ. ಇವನು ಇಂಥವನ ಮಗ, ಅವನು ಇಂಥವನ ಮಗ, ಇವನು ಬಾವಿ ತೋಡಿಸಿದವನು, ಇವನು ಬರಗಾಲದಲ್ಲಿ ನೆಲದೊಳಗಿನ ಹಗೇವು ತೆಗೆದು ಊರಿಗೆ ಜೋಳ ಹಂಚಿದವನು. ಪ್ರತಿಯೊಂದು ಹೆಸರಿಗೂ ಅಜ್ಜ ತಲೆದೂಗುತ್ತಿದ್ದ. ನಾನು ಕಂಬಕ್ಕೆ ಒರಗಿ, ನನ್ನ ಗೆಳೆಯ ಯಾವಾಗ ಬರುತ್ತಾನೋ ಅಂತ ಕಾಯುತ್ತಿದ್ದೆ.

ಹೆಳವ ಒಮ್ಮೆ ನಿಂತು ನೀರು ಕುಡಿದ. ಇನ್ನು ಮೂಲಪುರುಷ ಅಂದ. ಆಗ ಅಜ್ಜ ಕೈ ಎತ್ತಿದ.

"ಸಾಕು ಹೆಳವಪ್ಪಾ. ಅಲ್ಲಿಗೇ ನಿಲ್ಸು."

ಮೂಲ ಹೇಳದೆ ಎದ್ದರೆ ತನಗೆ ಪಾಪ ಬರುತ್ತದೆ ಅಂತ ಹೆಳವ ನಿಧಾನವಾಗಿ ಹೇಳಿದ. ಆ ಪಾಪ ತನಗಿರಲಿ ಅಂತ ಅಜ್ಜ ಅಂದ. ಕೂತಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಡುಗೆಮನೆಯ ಬಾಗಿಲಿಗೆ ಆಯಿ ಬಂದಳು. ಹೊರಗಿನ ಗಂಡಸರು ಕೂತಾಗ ಅವಳು ಆ ಬಾಗಿಲವರೆಗೂ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೆರಗು ತಲೆಯ ಮೇಲೆ ಸರಿಯಾಗಿಯೇ ಇತ್ತು.

"ಹೇಳ್ಲಿ ಬಿಡ್ರಿ. ಒಮ್ಮೆರೆ ಈ ಮನ್ಯಾಗ ಖರೇ ಕೇಳ್ಲಿ."

ಅಜ್ಜ ಅವಳ ಕಡೆ ತಿರುಗಲೂ ಇಲ್ಲ. ಮಾಮಾನಿಗೆ ಕಾಳು ಅಳೆದು ಕೊಡಲು ಹೇಳಿದ. ಹೆಳವ ಪುಸ್ತಕ ಕಟ್ಟಿಕೊಂಡು ಏಳುವಾಗ ನನ್ನನ್ನು ನೋಡಿ, ಈ ಕೂಸು ಯಾರದು, ಹೆಸರು ಬರೆದುಕೊಳ್ಳಲೇ ಅಂತ ಕೇಳಿದ. ಮಗಳ ಮಗಳು, ಬರೆದುಕೊಳ್ಳುವಂಥದ್ದಲ್ಲ ಅಂತ ಅಜ್ಜ ಹೇಳಿದ. ಅದರಲ್ಲಿ ಸಿಟ್ಟಿರಲಿಲ್ಲ. ಮಗಳ ಮಕ್ಕಳು ಅವರವರ ತಂದೆಯ ಮನೆತನಕ್ಕೆ ಸೇರಿದವರು, ಇದ್ದ ರೀತಿಯನ್ನೇ ಅವನು ಹೇಳಿದ. ನನಗೆ ಮಾತ್ರ ಅಂದು ಉಣ್ಣಲಾಗಲಿಲ್ಲ. ಈ ಮನೆಯ ಪುಸ್ತಕದಲ್ಲಿ ನಾನಿಲ್ಲ. ಅಪ್ಪನ ಮನೆಯಲ್ಲಂತೂ ಇಲ್ಲವೇ ಇಲ್ಲ. ಹಾಗಾದರೆ ನಾನು ಎಲ್ಲಿದ್ದೇನೆ ಅಂತ ಬಹಳ ಹೊತ್ತು ಯೋಚಿಸಿದೆ. ಹೊಳೆ ದಾಟಿ ಬಂದವನನ್ನು ಕೇಳೋಣವೆಂದರೆ ಅವನ ಮೇಲೂ ಅಂದು ಅನುಮಾನ ಬಂದಿತ್ತು. ಅಜ್ಜ ಬಾಯಿ ಮುಚ್ಚಿಸುವಂಥದ್ದು ಏನು ಮಾಡಿದ್ದ ಅವನು?

ಆಯಿ ಒಂದು ತಿಂಗಳು ಅಜ್ಜನ ಜೊತೆ ಮಾತಾಡಲಿಲ್ಲ. ತಾಟು ತಂದು ಮುಂದಿಡುವಳು, ಹಿಂದೆ ಸರಿಯುವಳು. ಮೊದಲೂ ಮಾತು ಕಡಿಮೆಯೇ ಇದ್ದ ಮನೆಯಲ್ಲಿ ಇದು ಜಗಳ ಅಂತ ಗೊತ್ತಾಗುತ್ತಿದ್ದದ್ದು, ಅವಳು ತಾಟು ಇಡುವ ಸದ್ದಿನಿಂದ. ಆ ತಿಂಗಳಲ್ಲಿಯೇ ಒಂದು ಮಧ್ಯಾಹ್ನ ನನ್ನ ತಲೆ ಬಾಚುತ್ತ, ನಿಪ್ಪಾಣಿಗೆ ಒಮ್ಮೆ ಹೋಗಿ ಬರುತ್ತೀಯಾ, ಮಾಮಾನ ಜೊತೆ ಕಳಿಸುತ್ತೇನೆ ಅಂತ ಕೇಳಿದಳು. ಒಲ್ಲೆ ಅಂದೆ. ಮತ್ತೆ ಅವಳು ಆ ಮಾತು ತೆಗೆಯಲಿಲ್ಲ.

ನಾನು ಏಳನೆಯ ಇಯತ್ತೆ ಮುಗಿಸುವ ಹೊತ್ತಿಗೆ ಅಜ್ಜ ಹೋದ. ಎರಡು ವರ್ಷಕ್ಕೆ ಆಯಿಯೂ ಹೋದಳು. ಮಾಮಾ, ಅತ್ತಿ ಇಬ್ಬರಿಗೂ ತಡವಾಗಿ ಒಬ್ಬ ಮಗ ಹುಟ್ಟಿದ, ಈರಣ್ಣ. ಮನೆಯಲ್ಲಿ ತೊಟ್ಟಿಲು ಕಟ್ಟಿದ ವರ್ಷ ನಾನು ಅಥಣಿಗೆ ಹಾಸ್ಟೆಲ್ಲಿಗೆ ಹೋದೆ. ಮುಂದೆ ಟ್ರೇನಿಂಗು, ರಾಯಬಾಗದಲ್ಲಿ ಕನ್ನಡ ಸಾಲೆಯ ನೌಕರಿ, ಮದುವೆ, ಒಬ್ಬಳು ಮಗಳು. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಸಾಲೆಯಲ್ಲಿ ಪರೀಕ್ಷೆ ನಡೆದಿತ್ತು. ನಾನು ಮಣ್ಣಿಗೆ ಹೋಗಲಿಲ್ಲ. ಪರೀಕ್ಷೆಯ ನೆಪ ಹೇಳಿದೆ.

ಈಗ ಗಂಡ ಹೋಗಿ ನಾಲ್ಕು ವರ್ಷ. ಮಗಳು ಮದುವೆಯಾಗಿ ಕಾಗವಾಡದಲ್ಲಿದ್ದಾಳೆ, ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಉಳಿದ ದಿನ ರಾಯಬಾಗದ ಮನೆಯಲ್ಲಿ ನಾನೊಬ್ಬಳೇ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಹಾಡು ಹಚ್ಚಿಕೊಂಡು ಹೋಗುತ್ತವೆ. ಒಳಗೆ ಮಾತಿಲ್ಲ. ಮಾತಿಲ್ಲದ ಮನೆ ನನಗೆ ಹೊಸದಲ್ಲ, ಆದರೂ ಈ ವಯಸ್ಸಿನಲ್ಲಿ ಅದು ಬೇರೆ ಥರ ಕೇಳಿಸುತ್ತದೆ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬರು ಪಕ್ಕದಲ್ಲಿ ಕೂತು, ಅಕ್ಕೋರ, ನಿಮ್ಮ ತವರು ಯಾವ ಊರು ಅಂತ ಕೇಳಿದರು. ತಾಯಿಯ ತವರು ಐಗಳಿ ಅಂದೆ. ಮನೆತನ ಕೇಳಿದರು, ಹೇಳಿದೆ. ಅವರು ನನ್ನನ್ನೇ ನೋಡುತ್ತ, ಆ ಮನೆ ನಮ್ಮ ಅಜ್ಜನ ಪಾಲಿಗೆ ಇತ್ತು ಅಂದರು. ಅಂದು ಬಂದಿದ್ದ ಮುದುಕ ಹೆಳವನ ಮೊಮ್ಮಗ. ಹಣಮಂತಪ್ಪ ಅಂತ ಹೆಸರು, ಬೇಡಕಿಹಾಳದಲ್ಲಿ ಮನೆ. ಎತ್ತು ಕಟ್ಟುವುದನ್ನು ಬಿಟ್ಟು ಬಹಳ ವರ್ಷವಾಯಿತು, ಈಗ ಬಸ್ಸಿನಲ್ಲಿಯೇ ತಿರುಗುತ್ತಾರೆ. ಪುಸ್ತಕ ಇದೆಯೇ ಅಂತ ಕೇಳಿದೆ. ಪುಸ್ತಕ ಎಲ್ಲಿಗೆ ಹೋಗುತ್ತದೆ ಅಂತ ನಕ್ಕರು.

ವಾರ ತಾಳಿ ಬೇಡಕಿಹಾಳಕ್ಕೆ ಹೋದೆ. ಊರ ಅಂಚಿಗೆ, ಕಬ್ಬಿನ ಹೊಲಕ್ಕೆ ಬೆನ್ನು ಹಚ್ಚಿದ ಎರಡು ಖೋಲಿಯ ಮನೆ. ಅವರ ಹೆಂಡತಿ ಚಹಾ ಕೊಟ್ಟರು. ಹಣಮಂತಪ್ಪ ಕೈಕಾಲು ತೊಳೆದು, ಊದಿನಕಡ್ಡಿ ಹಚ್ಚಿ, ಅರಿವೆಯಲ್ಲಿ ಸುತ್ತಿದ್ದ ದಪ್ಪ ಪುಸ್ತಕ ಬಿಚ್ಚಿದರು. ಇದು ಅವರ ಅಜ್ಜ ಇನ್ನೂ ಹಳೆಯ ಪುಸ್ತಕದಿಂದ ನಕಲು ಮಾಡಿದ್ದಂತೆ. ನಮ್ಮ ಮನೆತನದ ಹಾಳೆ ತೆಗೆದಾಗ, ಕೊನೆಯ ಎರಡು ಪುಟಗಳ ಬದಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು ಕಂಡಿತು. ಈ ಮನೆಯಲ್ಲಿ ಇದನ್ನು ಓದಗೊಡುವುದಿಲ್ಲ ಅಂತ ತಮ್ಮ ಅಜ್ಜ ಗುರುತು ಮಾಡಿ ಇಟ್ಟಿದ್ದಾರೆ, ಆದರೆ ಕೇಳುವವರು ಬಂದರೆ ಓದದೇ ಇರಬಾರದು ಅಂತಲೂ ಹೇಳಿದ್ದಾರೆ ಅಂದರು. ಆಮೇಲೆ ಓದಿದರು.

"ಘಟ್ಟದ ಕೆಳಗಿನ ಮಂದಿ, ಎತ್ತಿನ ಮ್ಯಾಲ ಉಪ್ಪು ಹೇರಿಕೊಂಡು, ಹೊಳಿ ದಾಟಿ ಬಂದು ಊರ ಹೊರಗ ಇಳದ್ರು. ಅವರಾಗ ಒಂದು ಗಂಡುಕೂಸು, ಐದು ವರ್ಷದ್ದು. ಮೈಮ್ಯಾಲೆಲ್ಲಾ ಸಿಡುಬು ಎದ್ದಿತ್ತು. ಜೋಡಿ ಒಯ್ಯಾಕ ಬರೂಹಂಗ ಇದ್ದಿಲ್ಲ. ಊರಾಗ ಮಕ್ಕಳಿಲ್ಲದ ಗಂಡ ಹೆಂಡತಿ ಇದ್ರು. ಅವರ ದನದ ಮನ್ಯಾಗ ಕೂಸಿನ್ನ ಮಲಗಿಸಿ, ಬರೂ ವರ್ಷ ಬಂದು ಒಯ್ತೀವಿ ಅಂತ ಹೇಳಿ ಹೋದ್ರು. ಕೂಸು ಉಳೀತು. ಅದರ ಹೆಸರು ಸಿದ್ದ."

ಹಣಮಂತಪ್ಪ ಹಾಳೆ ತಿರುವಿದರು. ಮುಂದಿನದನ್ನು ಓದುವ ಮೊದಲು ನನ್ನ ಮುಖ ನೋಡಿದರು. ಮರುವರ್ಷ ಆ ಮಂದಿ ಬಂದರು. ತಾಯಿ ಬಾಗಿಲಿಗೆ ಬಂದು ಕೂಸನ್ನು ಕೇಳಿದಳು. ಗಂಡ ಹೆಂಡತಿಗೆ ಆ ಹೊತ್ತಿಗೆ ಕೂಸನ್ನು ಬಿಟ್ಟಿರಲಾಗದಂತೆ ಆಗಿತ್ತು. ಕೂಸು ಹೋದ ವರ್ಷವೇ ತೀರಿಕೊಂಡಿತು ಅಂತ ಹೇಳಿದರು. ಅವಳು ಎಲ್ಲಿ ಮಣ್ಣು ಮಾಡಿದಿರಿ ಅಂತ ಕೇಳಿದಳು. ಹಳ್ಳದ ದಂಡೆಯ ಒಂದು ಜಾಗ ತೋರಿಸಿದರು. ಅವಳು ಅಲ್ಲಿ ಕೂತು ಅತ್ತು, ಒಂದು ಹಿಡಿ ಉಪ್ಪು ಇಟ್ಟು ಹೋದಳು. ಸಿದ್ದ ಅಷ್ಟೂ ಹೊತ್ತು ಮನೆಯೊಳಗೇ ಇದ್ದ. ಅವನಿಗೆ ಆ ಮನೆಯ ಹೊಲ ಬಂತು. ಅವನಿಂದ ಈ ವಂಶ. ಅವನ ಹಿಂದೆ ಯಾರು, ಯಾವ ಊರು, ಯಾವ ಕುಲ, ಅದು ಪುಸ್ತಕದಲ್ಲಿ ಇರಲಿಲ್ಲ.

"ಇದರ ಹಿಂದ ಇಲ್ರಿ ಅಕ್ಕೋರ. ಇಲ್ಲಿಗೆ ಹರೀತು."

ಕುದುರೆ ಇರಲಿಲ್ಲ, ದೊರೆ ಇರಲಿಲ್ಲ, ನಾಯಕ ಅನ್ನುವುದನ್ನು ಯಾರೋ ಆಮೇಲೆ ಹಚ್ಚಿದ್ದು. ಕುಲ ಗೊತ್ತಿಲ್ಲದ ಮೂಲಪುರುಷನ ವಿಷಯ ನಾಲ್ಕು ಜನರ ಕಿವಿಗೆ ಬಿದ್ದರೆ ಮನೆಗೆ ಹೆಣ್ಣು ಬರುತ್ತದೋ ಇಲ್ಲವೋ ಅಂತ ಅಜ್ಜ ಹೆದರಿದ್ದಿರಬೇಕು. ಅದು ನನಗೆ ಅರ್ಥವಾಯಿತು. ಆದರೆ ಹಣಮಂತಪ್ಪ ಪುಸ್ತಕ ಮುಚ್ಚಿದ ಮೇಲೂ ನಾನು ಏಳಲಾರದೆ ಕೂತದ್ದು ಅದಕ್ಕಲ್ಲ. ನಾನು ಆಯಿಯ ಬಗ್ಗೆ ಯೋಚಿಸುತ್ತಿದ್ದೆ. ಸೊಸೆಯಾಗಿ ಬಂದವಳು, ಈ ಕಥೆ ಅವಳಿಗೆ ಯಾರಿಂದಲೋ ಗೊತ್ತಾಗಿತ್ತು. ಅಂದು ಅಷ್ಟು ಗಂಡಸರ ಮುಂದೆ ಬಾಗಿಲಿಗೆ ಬಂದು ಖರೇ ಕೇಳ್ಲಿ ಅಂದದ್ದು ಯಾಕೆ ಅಂತ ಐವತ್ತೆಂಟು ವರ್ಷದ ಮೇಲೆ ನನಗೆ ಹೊಳೆಯಿತು.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಅಪ್ಪ ಬಂದಿದ್ದ.

ಸಾಲೆ ಶುರುವಾಗುವುದಕ್ಕೆ ಬರಲಿಲ್ಲ, ಅದು ನಿಜ. ದೀಪಾವಳಿಗೆ ಬಂದ. ನಾನು ಆಗಲೇ ಐದು ತಿಂಗಳು ಬಾಗಿಲು ನೋಡಿ ನೋಡಿ ಬೇಸತ್ತಿದ್ದೆ. ಓಣಿಯ ತಿರುವಿನಲ್ಲಿ ಅವನು ಬರುವುದು ಕಂಡ ಕೂಡಲೇ ಓಡಿಹೋಗಿ ಹೊಟ್ಟಿನ ಕೋಣೆ ಸೇರಿ ಬಾಗಿಲು ಮುಚ್ಚಿಕೊಂಡೆ. ಹುಡುಕಲಿ, ನಾನು ಕಾದಷ್ಟು ಕಾಯಲಿ ಅಂತ ಸಿಟ್ಟು. ಆಯಿ ನಾನು ಓಡಿದ್ದನ್ನು ನೋಡಿದ್ದಳು. ಅಪ್ಪ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಕೇಳಿದಾಗ ಅವಳು ಕೂಸು ಅತ್ತಿಯ ಜೊತೆ ಅಥಣಿಗೆ ಹೋಗಿದೆ ಅಂದಳು. ಸತ್ತ ಮಗಳ ಕುರುಹು ಅಂತ ಅವಳ ಹತ್ತಿರ ಉಳಿದವಳು ನಾನೊಬ್ಬಳು. ನನ್ನನ್ನು ಕಳಿಸಿ ಅವಳು ಆ ಮೌನದ ಮನೆಯಲ್ಲಿ ಏನು ಮಾಡಬೇಕಿತ್ತು? ಅಪ್ಪ ಬಸ್ಸಿನ ಹೊತ್ತಿನವರೆಗೆ ಕೂತು ಎದ್ದುಹೋದ. ಮರುವರ್ಷ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ನಾನು ಮತ್ತೆ ಅಡಗಿದೆ, ಆಯಿ ಮತ್ತೆ ಅದನ್ನೇ ಹೇಳಿದಳು. ನಾನು ಒಳಗಿನಿಂದ ಎಲ್ಲ ಕೇಳಿಸಿಕೊಂಡೆ. ಆಮೇಲೆ ಅವನು ಬರಲಿಲ್ಲ. ಅಡಗಿದ್ದನ್ನು ಬಿಟ್ಟು, ಬಾರದ್ದನ್ನು ಮಾತ್ರ ಇಟ್ಟುಕೊಂಡು ನಾನು ಒಂದು ಆಯುಷ್ಯ ಕಳೆದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವಾಗಿಬಿಟ್ಟಿತ್ತು.

ಬೇಡಕಿಹಾಳದಿಂದ ಬಂದ ಮೇಲೆ ಐಗಳಿಗೆ ಫೋನು ಮಾಡಿ ಈರಣ್ಣನಿಗೆ ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಅವನೀಗ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದಾನೆ, ನಾಲ್ಕು ಎಕರೆ ದ್ರಾಕ್ಷಿ ಇದೆ. ಮಗನಿಗೆ ಹೆಣ್ಣು ನೋಡುತ್ತಿದ್ದೇವೆ ಅಕ್ಕಾ, ಲಗ್ನ ಆಗುವವರೆಗೆ ಇದನ್ನು ಹೊರಗೆ ಹಾಕಬೇಡ ಅಂದ. ಹಾಕಲಿಲ್ಲ. ಲಗ್ನವಾದ ಮೇಲೆ ಅವನೇ ಫೋನು ಮಾಡಿ, ಹಳ್ಳದ ದಂಡೆಯ ಜಾಗ ಯಾವುದಿರಬಹುದು ಅಂತ ಕೇಳಿದ. ಗೊತ್ತಿಲ್ಲ ಅಂದೆ. ಇನ್ನು ಬೇಕಾದರೆ ಬರಿ ಅಂದ. ಹಾಗಾಗಿ ಬರೆಯುತ್ತಿದ್ದೇನೆ.

ಬೇಡಕಿಹಾಳದಿಂದ ಬಂದ ಮೇಲೆ ನಿಪ್ಪಾಣಿಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಅಪ್ಪನ ಎರಡನೆಯ ಹೆಂಡತಿಗೆ ಒಬ್ಬಳು ಮಗಳಿದ್ದಾಳೆ, ಮಾಲನ್. ಅವಳ ಲಗ್ನದ ಪತ್ರಿಕೆ ನನಗೆ ಬಂದಿತ್ತು, ಅಪ್ಪ ಹೋದ ಸುದ್ದಿ ಕಳಿಸಿದವಳೂ ಅವಳೇ. ಎರಡಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲ. ವಖಾರಿಗಳ ಹಿಂದಿನ ಓಣಿಯಲ್ಲಿ ಕೇಳಿದರೆ ಹಿಟ್ಟಿನ ಗಿರಣಿಯ ಮಾಲನ್‌ಬಾಯಿ ಅಂತ ತಟ್ಟನೆ ತೋರಿಸಿದರು. ಗಿರಣಿ ನಡೆದಿತ್ತು. ಹುಬ್ಬು, ರೆಪ್ಪೆಗಳ ಮೇಲೆಲ್ಲ ಹಿಟ್ಟು ಕೂತ, ಅರವತ್ತರ ಹತ್ತಿರದ ಹೆಂಗಸು ಡಬ್ಬಿ ಬಗ್ಗಿಸಿ ಗೋಧಿ ಸುರಿಯುತ್ತಿದ್ದಳು. ನಾನು ಐಗಳಿಯಿಂದ ಅನ್ನುವುದರೊಳಗೆ ಅವಳು ಗಿರಣಿ ಬಂದ್ ಮಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಬಸ ಅಕ್ಕಾ, ಅಂತ ಮರಾಠಿಯಲ್ಲಿ ಕೂರಲು ಹೇಳಿದಳು. ಆಮೇಲೆ ಕನ್ನಡಕ್ಕೆ ಬಂದಳು.

ಒಳಗೆ ಕೂತು ನಾನು ಎಲ್ಲವನ್ನೂ ಹೇಳಿದೆ. ನಾನು ಊರಲ್ಲಿರಲಿಲ್ಲ ಅನ್ನುವುದು ಸುಳ್ಳು, ಎರಡು ಸಲವೂ ಮನೆಯೊಳಗೇ ಅಡಗಿದ್ದೆ. ಅಪ್ಪನಿಗೆ ಅದನ್ನು ಹೇಳಬೇಕಿತ್ತು, ಅವನಿಲ್ಲ, ನಿನಗೆ ಹೇಳುತ್ತಿದ್ದೇನೆ ಅಂದೆ. ಕೇಳಿ ಅವಳು ಸಿಟ್ಟಾಗಬಹುದು ಅಂತ ಕಾದೆ. ಆಗಲಿಲ್ಲ. ಅವರು ಮನೆಯಲ್ಲಿ ಅಪ್ಪನನ್ನು ಬಾಬಾ ಅನ್ನುತ್ತಿದ್ದರು.

"ಬಾಬಾಗ ಗೊತ್ತಿತ್ತಲ್ಲ ಅಕ್ಕಾ. ನೀ ಒಳಗ ಸೀನಿದ್ಯಂತ. ಹೊಟ್ಟಿನ ಧೂಳಿಗೆ ಇರಬೇಕು."

ಮೊದಲನೆಯ ಸಲವೇ ಅಂತೆ. ಅವನು ಎದ್ದು ಹೊರಡುವಾಗ ಆ ಬಾಗಿಲ ಮುಂದೆ ಹಾಯುತ್ತಿದ್ದ. ಸೀನು ಕೇಳಿಸಿತು, ನಿಂತ. ಆಯಿ ಅವನ ಹಿಂದೆಯೇ ಇದ್ದಳು. ಅವಳ ಮುಖ ನೋಡಿದ, ಬಸ್ಸಿನ ಹಾದಿ ಹಿಡಿದ. ಈ ಮಾತನ್ನು ಅವನು ಮಾಲನ್‌ಗೆ ಎಷ್ಟೋ ಸಲ ಹೇಳಿದ್ದನಂತೆ.

"ಪೋರಿಗೆ ಬರೂ ಮನಸಿಲ್ಲ, ಜಬರದಸ್ತಿ ಮಾಡಬಾರದು ಅಂತಿದ್ದಾ. ಈ ಒಂದ ಖೋಲ್ಯಾಗ ತಂದು ಏನ ಸುಖಾ ಕೊಡ್ತಿದ್ನಿ, ಅಲ್ಲಿ ಹಾಲು ಮಜ್ಜಗಿ ಐತಿ ಅಂತಿದ್ದಾ."

ನನಗೆ ಸೀನಿದ ನೆನಪಿಲ್ಲ. ಎಷ್ಟು ನೆನೆಸಿಕೊಂಡರೂ ಇಲ್ಲ. ಬಾಗಿಲ ಆಚೆ ಒಂದು ಜೊತೆ ಕಾಲು ಬಂದು ನಿಂತದ್ದು ಮಾತ್ರ ನೆನಪಿದೆ, ಬಾಗಿಲ ಕೆಳಗಿನ ಸಂದಿಯ ಬೆಳಕು ಅಷ್ಟರಮಟ್ಟಿಗೆ ಕಡಿಮೆಯಾಗಿತ್ತು. ಆಯಿಯ ಕಾಲು ಅಂತ ತಿಳಿದಿದ್ದೆ. ಆ ಬಾಗಿಲಿಗೆ ಒಳಗಿನಿಂದ ಅಗಳಿ ಇರಲಿಲ್ಲ. ಅವನು ಒಂದು ಬೆರಳಿನಿಂದ ತಳ್ಳಿದ್ದರೂ ತೆರೆಯುತ್ತಿತ್ತು, ನಾನು ಒಂದು ಬೆರಳಿನಿಂದ ಎಳೆದಿದ್ದರೂ ತೆರೆಯುತ್ತಿತ್ತು.

ಮಾಲನ್ ಎದ್ದು ಒಲೆ ಹಚ್ಚಿದಳು. ಉಂಡು ಹೋಗು ಅನ್ನಲಿಲ್ಲ. ಹಿಟ್ಟು ನಾದುತ್ತ, ಭಾಕ್ರಿ ತೆಳ್ಳಗೆ ಬೇಕೋ ದಪ್ಪಗೆ ಬೇಕೋ ಅಂತ ಕೇಳಿದಳು. ಚಿಕ್ಕೋಡಿಗೆ ಹೋಗುವ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕು ಅಂತ ಬರುವಾಗಲೇ ಅಂದುಕೊಂಡಿದ್ದೆ. ಅದು ಓಣಿಯ ಆಚೆ ಹಾರ್ನು ಹೊಡೆದು ಹೋದದ್ದು ಇಬ್ಬರಿಗೂ ಕೇಳಿಸಿತು. ತೆಳ್ಳಗೆ ಅಂದೆ.